ಆಂತೆಪ್‌ನಲ್ಲಿ ಎಲ್ಲಿ ಉಣ್ಣಬೇಕು ಅಂದರೆ

ಎಲ್ಲಿ ಉಂಡರೆ ಚೆಂದ ಅಂತ ಕೇಳಿದಿರಿ,
ಅದೂ ಭಟ್ಟಿಯವನನ್ನು. ತಡೀರಿ, ಈ ರೊಟ್ಟಿ ತೆಗೆದುಬಿಡುತ್ತೇನೆ,
ಇದು ನನ್ನ ಉತ್ತರಕ್ಕೆ ಕಾಯುವುದಿಲ್ಲ.

ಮೊದಲು ನಿದ್ದೆ ಬಿಡಿ. ಬೆಳಗಿನ ಬಾಂಗಿಗೂ ಮುಂಚೆ
ಬೇಯ್ರಾನ್ ಅಂಗಡಿಯಲ್ಲಿ ದೀಪ ಹತ್ತಿರುತ್ತದೆ:
ತಾಮ್ರದ ಬಟ್ಟಲು, ತಳದಲ್ಲಿ ಅನ್ನ, ಮೇಲೆ ಎಳೆ ಎಳೆ ಕುರಿಮಾಂಸ,
ಉರಿಯ ಮೇಲೆ ಬಟ್ಟಲೇ ಕುಣಿಯುವಷ್ಟು ಕುದಿ.
ಬೆಳ್ಳುಳ್ಳಿ ಬೇಡ ಅನ್ನಬೇಡಿ.
ಎದುರು ಕೂತ ಲಾರಿಯವನು ಬೆವರು ಒರೆಸುತ್ತ ನಗುತ್ತಾನೆ,
ನಗಲಿ. ಅಷ್ಟರಲ್ಲಿ ನಿಮ್ಮ ಮೂಗೂ ಸೋರುತ್ತಿರುತ್ತದೆ.

ಆಮೇಲೆ ಕಾತ್ಮೆರ್. ಹಿಟ್ಟನ್ನು ಗಾಳಿಗೆ ಬೀಸಿ ಬೀಸಿ
ಆಚೆ ನಿಂತವನ ಮೀಸೆ ಕಾಣುವಷ್ಟು ತೆಳ್ಳಗೆ ಮಾಡಿ
ಕೆನೆ, ಹಸಿರು ಪಿಸ್ತಾ ಇಟ್ಟು ಪತ್ರದ ಹಾಗೆ ಮಡಚುತ್ತಾರೆ.
ಮದುವೆಯ ಮರುದಿನ ಗಂಡಿನ ಮನೆಯವರು
ಹೊಸ ಜೋಡಿಗೆ ಕಳಿಸುವುದು ಇದನ್ನೇ.
ನಮಗೂ ಬಂದಿತ್ತು. ಅವಳು ಪೂರ್ತಿ ತಿಂದಳು,
ನಾನು ಅವಳನ್ನು ನೋಡುತ್ತ ತಟ್ಟೆ ಮರೆತೆ.

ತಾಮ್ರ ಬಡಿಯುವವರ ಓಣಿಯಲ್ಲಿ ಕೆಲಸ ಕಿವಿಗೆ, ಬಾಯಿಗಲ್ಲ.
ಅದರ ಕೊನೆಗೆ ಬೆನ್ನ ಮೇಲೆ ಹಿತ್ತಾಳೆ ಗಿಂಡಿ ಹೊತ್ತವನೊಬ್ಬ,
ಅತಿಮಧುರದ ಶರಬತ್ತು. ಮೊದಲ ಗುಟುಕು ಔಷಧ,
ಎರಡನೆಯದು ವಾದ, ಮೂರನೆಯದಕ್ಕೆ ಚಿಲ್ಲರೆ ಹುಡುಕುತ್ತೀರಿ.
ಕಾಡುಪಿಸ್ತಾದ ಕಾಫಿ ಕಾಫಿಯೇ ಅಲ್ಲವೆಂದು ಜಗಳಕ್ಕಿಳಿಯದೆ
ಸುಮ್ಮನೆ ಕುಡಿಯಿರಿ.

ಇಷ್ಟನ್ನು ಯಾರು ಬೇಕಾದರೂ ಹೇಳುತ್ತಾರೆ.
ನನಗೆ ಗೊತ್ತಿರುವ ಊಟಕ್ಕೆ ಬೋರ್ಡಿಲ್ಲ.

ಹನ್ನೊಂದು ಹೊಡೆದರೆ ಮನೆಮನೆಯಿಂದ ತಟ್ಟೆಗಳು ಬರುತ್ತವೆ ಈ ಭಟ್ಟಿಗೆ,
ಬದನೆ, ನಡುವೆ ಮಾಂಸ, ಮತ್ತೆ ಬದನೆ, ಸುರುಳಿ ಸುರುಳಿ.
ಕಿವಿಗೆ ಕೆಂಪು ದಾರ ಕಟ್ಟಿದ್ದು ಹಾಜೆರಕ್ಕನದು,
ಅಂಚು ನೆಗ್ಗಿದ್ದು ಮೇಷ್ಟ್ರ ಮನೆಯದು.
ಮೂಲೆಯಿಂದ ಒಂದು ಚೂರು ರುಚಿ ನೋಡುವುದು ಭಟ್ಟಿಯವನ ಹಕ್ಕು.
ಉಪ್ಪು ಎರಡು ಸಲ ಬಿದ್ದಿದ್ದರೆ ಆ ಮನೆಯಲ್ಲಿ ಮಾತು ಬಿಟ್ಟಿದ್ದಾರೆ.
ಖಾರ ಕಮ್ಮಿಯಾಗಿದ್ದರೆ ಬಸುರಿ ಮಗಳು ಬಂದಿದ್ದಾಳೆ.
ನಾನು ಯಾರಿಗೂ ಹೇಳುವುದಿಲ್ಲ. ನಿಮಗೆ ಹೇಳಿದೆ ಅಷ್ಟೆ.

ಗುಫ್ರಾನ್ ಅಲೆಪ್ಪೊದಿಂದ ಬಂದ ವರ್ಷ
ಮಾಂಸದುಂಡೆಗೆ ಹುಳಿ ಚೆರ್ರಿ ಹಾಕಿ ತಂದಳು.
ಹಣ್ಣಿನ ಜೊತೆ ಮಾಂಸವೇ! ಬೀದಿಯೆಲ್ಲ ನಕ್ಕಿತು, ಎಲ್ಲರಿಗಿಂತ ಜೋರಾಗಿ ನಾನು.
ಬೆರಳಿಗೆ ಅಂಟಿದ್ದನ್ನು ನೆಕ್ಕಿದ ಮೇಲೆ
ನಗು ಎಲ್ಲಿಗೆ ಹೋಯಿತೋ.
ಈಗ ಪ್ರತಿ ಬೇಸಿಗೆ ಹಾಜೆರಕ್ಕನೂ ಚೆರ್ರಿಯ ಬೀಜ ಬಿಡಿಸುತ್ತಾಳೆ,
ತನ್ನ ಅಜ್ಜಿಯ ಕಾಲದ್ದು ಅನ್ನುತ್ತಾಳೆ.

ಭೂಮಿ ನಡುಗಿದ ಚಳಿಗಾಲ
ಕೋಟೆಯ ಕಲ್ಲುಗಳು ರಸ್ತೆಗೆ ಇಳಿದವು. ಭಟ್ಟಿ ನಿಂತಿತ್ತು.
ಒಂಬತ್ತು ದಿನ ಯಾವ ತಟ್ಟೆ ಯಾರದೆಂದು ಕೇಳಲಿಲ್ಲ,
ಸಿಕ್ಕಿದ್ದನ್ನು ಬೇಯಿಸಿದೆ,
ಕಾರಿನೊಳಗೆ ಮಲಗಿದವರಿಗೆ ಕಿಟಕಿಯಿಂದ ಕೊಟ್ಟೆ.
ಆ ಮೊಳೆಗೆ ತೂಗುತ್ತಿದೆಯಲ್ಲ, ಅದು ಮುನೆವ್ವೆರ್ ಅವರದು.
ಹಿಂದಿನ ಸಂಜೆ ತೊಳೆದಿಟ್ಟಿದ್ದೆ.
ಒಯ್ಯಲು ಬರಲಿಲ್ಲ.
ವಾರಕ್ಕೊಮ್ಮೆ ಬೂದಿ ಹಾಕಿ ತಿಕ್ಕುತ್ತೇನೆ, ತಾಮ್ರ ಕಪ್ಪಾಗಬಾರದು.

ಸರಿ, ನಿಮ್ಮ ಪ್ರಶ್ನೆ.
ಹುಡುಗ ಇವತ್ತು ಬಂದಿಲ್ಲ, ತಂಗಿಗೆ ಜ್ವರವಂತೆ.
ಈ ತಟ್ಟೆ ಹಿಡಿಯಿರಿ. ಬಟ್ಟೆ ಸುತ್ತಿಕೊಳ್ಳಿ, ಸುಡುತ್ತದೆ.
ಎಡಕ್ಕೆ ಎರಡನೇ ಓಣಿ, ಒಣ ಬದನೆಯ ಸರ ತೂಗುವ ಬಾಗಿಲು.
ಸೆರ್ವೆಟ್ ಕಳಿಸಿದ ಅನ್ನಿ.
ಜೆಮಿಲೆ ಮೊದಲು ಬೈಯುತ್ತಾಳೆ, ತಡವಾಯಿತೆಂದು.
ಆಮೇಲೆ ನಿಮ್ಮ ಕಾಲು ನೋಡುತ್ತಾಳೆ,
ಚಪ್ಪಲಿ ಬಿಡುತ್ತೀರೋ ಇಲ್ಲವೋ ಅಂತ.
ಬಿಡಿ.