ಏಳರ ಜಾಗದಲ್ಲಿ ನಾಲ್ಕು

ಮಹಡಿಯ ಹಲಗೆಯ ಮೇಲೆ ಗೋಲಿ ಇಟ್ಟರೆ
ಯಾರನ್ನೂ ಕೇಳದೆ
ಈಶಾನ್ಯದ ಮೂಲೆಗೆ ಹೋಗಿ ಕೂರುತ್ತದೆ.
ಗೋಲಿಯಷ್ಟೇ ಅಲ್ಲ. ಬಟಾಣಿ, ಪೆನ್ಸಿಲ್ಲು,
ಸರ ಹರಿದು ಚೆಲ್ಲಿದ ಮಣಿ, ರಕ್ತದೊತ್ತಡದ ಮಾತ್ರೆ.
'ಕಳೆದದ್ದನ್ನು ನಾನು ಹುಡುಕುವುದೇ ಇಲ್ಲ,
ಆ ಮೂಲೆ ಗುಡಿಸುತ್ತೇನೆ'
ಎನ್ನುತ್ತಾರೆ ಡಾರ್ಕಸ್ ಕೆರಿಡ್ಜ್,
ಮನೆಯೊಡತಿ, ನಿವೃತ್ತ ದಂತವೈದ್ಯೆ,
ಗೋಡೆಗೊಂದು ಮೊಳೆ ಹೊಡೆಯಲೂ
ಜಿಲ್ಲಾ ಕಚೇರಿಗೆ ಅರ್ಜಿ ಬರೆಯಬೇಕಾದವರು.

ಸಫೋಕಿನ ಒಂದು ಉಣ್ಣೆಯೂರು. ಉಣ್ಣೆ ಹೋಗಿ
ನಾಲ್ಕು ಶತಮಾನವಾಯಿತು, ಊರು ಹೋಗಲಿಲ್ಲ.
ನಾನು ಬಂದದ್ದು ಕೊಳೆತ ತಳತೊಲೆ ಬದಲಿಸಲು.
ಜ್ಯಾಕಿ ಕೊಟ್ಟು ದಿನಕ್ಕೆ ಅರ್ಧ ಬೆರಳಷ್ಟು
ಮನೆಯನ್ನೆತ್ತಿದೆವು ನಾನೂ ಥರ್ಲೋನೂ,
ಕಂಠಮಟ ತುಂಬಿದ ಗಡಿಗೆ ಎತ್ತುವ ಹಾಗೆ,
ಉಸಿರು ಹಿಡಿದು.

ಚೌಕಟ್ಟಿನಲ್ಲಿ ಹುಡುಕಿದರೂ ಮೊಳೆಯಿಲ್ಲ.
ತೊಲೆಗೆ ನಾಲಿಗೆ, ಕಂಬಕ್ಕೆ ಬಾಯಿ,
ಅಡ್ಡ ಕೊರೆದು ಗೂಟ ಜಡಿದಮೇಲೆ
ಮಾತು ಮುಗಿಯಿತು.
ಹಸಿ ಓಕ್ ಮರ, ಕಡಿದ ವರ್ಷವೇ ಕಟ್ಟಿದ್ದು.
ಗೋಡೆಯಲ್ಲಿ ನಿಂತೇ ಒಣಗಿತು,
ಒಣಗುತ್ತ ತಿರುಚಿತು, ತಿರುಚುತ್ತ
ಗೂಟವನ್ನು ಹಲ್ಲುಕಚ್ಚಿ ಹಿಡಿಯಿತು.
ನಡುವೆ ಹೇಝಲ್ ಕಡ್ಡಿಯ ತಡಿಕೆ,
ಅದಕ್ಕೆ ಜೇಡಿ, ಸಗಣಿ, ಹುಲ್ಲು ಕಲಸಿದ ಮೆತ್ತು.
ಒಂದು ಕಡೆ ಅಂಗೈ ಗುರುತು. ಚಿಕ್ಕದು.
ಮಹಡಿ ಬೀದಿಯ ಮೇಲೆ ಎರಡಡಿ ಚಾಚಿದೆ,
ಕೆಳಗೆ ಯಾರದು ಜಗಳ ಎಂದು ಬಗ್ಗಿ ನೋಡುವವರಂತೆ.
ನಡುಮನೆಯ ಜಂತಿಗಳು ಮಾತ್ರ ಕಪ್ಪು:
ಹೊಗೆಗೂಡು ಇಲ್ಲದ ಕಾಲದ ಒಲೆಮಸಿ.
ಮುಟ್ಟಿದರೆ ಇನ್ನೂ ಹತ್ತುತ್ತದೆ,
ಯಾರದೋ ಐನೂರೈವತ್ತು ವರ್ಷದ ಹಿಂದಿನ ಊಟ,
ನನ್ನ ಬೆರಳಿಗೆ.

ನಾಲ್ಕನೆಯ ದಿನ ಥರ್ಲೋ ಟಾರ್ಚು ಬಿಟ್ಟು ಕರೆದ.
ಆ ಬಡಗಿಗಳು ಚೌಕಟ್ಟನ್ನು ಮೊದಲು
ತಮ್ಮ ಅಂಗಳದಲ್ಲಿ ಮಲಗಿಸಿ ಜೋಡಿಸಿ,
ಕೀಲು ಕೀಲಿಗೂ ಅಂಕಿ ಕೊರೆದು, ಬಿಚ್ಚಿ,
ಗಾಡಿಗೆ ಹೇರಿ ತಂದು ಇಲ್ಲಿ ನಿಲ್ಲಿಸುತ್ತಿದ್ದರು.
ನಾಲ್ಕಕ್ಕೆ ನಾಲ್ಕು ಗೀಟು.
ಏಳಕ್ಕೆ ಒಂದು ಕವಲು, ಎರಡು ಗೀಟು.
ಈಶಾನ್ಯದ ಕಂಬದ ಮೇಲೆ ಕವಲಿದೆ, ಎರಡು ಗೀಟಿದೆ.
ಅದಕ್ಕೆ ಆತುಕೊಂಡ ಓರೆತೋಳಿನ ಮೇಲೆ
ನಾಲ್ಕು ಗೀಟು.
ಏಳು, ಆಚೆ, ನಾಲ್ಕರ ಬಾಯಲ್ಲಿ ಬಿಗಿದು ಕೂತಿದೆ.

ಮಳೆ ಬರುವಂತಿತ್ತೋ, ಕತ್ತಲಾಯಿತೋ,
ಉಣ್ಣೆ ವ್ಯಾಪಾರಿ ಅವಸರ ಮಾಡಿದನೋ,
ಎತ್ತಿಕೊಟ್ಟ ಹುಡುಗನಿಗೆ ಎಣಿಕೆ ಬಾರದೋ, ಬಿಯರು ಹೆಚ್ಚಾಯಿತೋ.
ಸಂದಿನಲ್ಲಿ ಒಂದು ಬೆಣೆ. ಬಾಚಿಯಲ್ಲಿ ಸವರಿದ್ದು,
ಚೆನ್ನಾಗಿ ಸವರಿದ್ದು.
ಅಂದರೆ ಅವನಿಗೆ ಗೊತ್ತಿತ್ತು.
ಗೊತ್ತಿದ್ದೂ ಬೆಣೆಯಿಟ್ಟ, ಗೂಟ ಜಡಿದ, ಏಣಿ ಇಳಿದ.

ನನ್ನ ಕೈ ತುರಿಸಿತು. ಹೇಗೂ ಮನೆ ಜ್ಯಾಕಿಯ ಮೇಲಿದೆ,
ಅದಲುಬದಲು ಮಾಡಿದರೆ ಸಂಜೆಗೆ ಮುಗಿಯುವ ಕೆಲಸ.
ಸಂರಕ್ಷಣಾಧಿಕಾರಿ ಪೆಟ್ರೊನೆಲ್ ಬೊರೆಟ್ ಬಂದರು,
ಮೊಣಕಾಲೂರಿ ನೋಡಿದರು, ಫೋಟೋ ತೆಗೆದರು,
'ಮುಟ್ಟುವ ಹಾಗಿಲ್ಲ' ಎಂದರು.
'ಇದು ತಪ್ಪಲ್ಲವೇ?' ಎಂದೆ.
'ತಪ್ಪೇ. ಅದಕ್ಕೂ ರಕ್ಷಣೆಯಿದೆ.'
ಚಹಾ ತಂದ ಡಾರ್ಕಸ್ ಬಾಗಿಲಲ್ಲೇ ನಿಂತು
'ಸರಿಮಾಡಿಬಿಟ್ಟರೆ
ನನ್ನ ಮಾತ್ರೆ ನಾನು ಎಲ್ಲಿ ಹುಡುಕಲಿ?' ಎಂದರು.

ಶುಕ್ರವಾರ ಮನೆಯನ್ನು ಇಳಿಸಿದೆವು.
ಅದು ಒಮ್ಮೆ ಕಿರುಗುಟ್ಟಿ ಹಳೆಯ ಓರೆಗೇ ಕೂತಿತು.
ಹೊಸ ತೊಲೆಯ ಒಳಮೈಯಲ್ಲಿ, ನಿಯಮದಂತೆ,
ಇಸವಿ ಕೊರೆದಿದ್ದೆ, ಹಳೆಯದೆಂದು ಯಾರೂ ಮೋಸಹೋಗದಿರಲೆಂದು.
ಬೆಸುಗೆಯಲ್ಲಿ ಎರಡು ಕೂದಲಷ್ಟು ಸಂದು ಉಳಿದಿತ್ತು.
ಥರ್ಲೋ ನೋಡಿದ. ನೋಡದವನಂತೆ
ಉಳಿಗಳನ್ನು ಚೀಲಕ್ಕೆ ತುಂಬಿದ.
ಜೇಬಿನಲ್ಲೊಂದು ಓಕ್ ಚೂರಿತ್ತು.
ಬೆಣೆ ಸವರಿದೆ.
ಚೆನ್ನಾಗಿಯೇ ಸವರಿದೆ.