ಮಣಿಕಟ್ಟು ಮುರಿದ ವಾರ

ಇಸೋಲಿನಾಳ ಬಲಗೈಗೆ ಪ್ಲಾಸ್ಟರು.
ಹಾಗಾಗಿ ಈ ವಾರ ಒಲೆ ದುಯಿಲಿಯೋನದು.
ಪ್ರಾತೋದ ಗಿರಣಿಯಲ್ಲಿ ಮೂವತ್ತೊಂದು ವರ್ಷ
ಮಗ್ಗ ರಿಪೇರಿ ಮಾಡಿದವನು
ಈರುಳ್ಳಿಯ ಮುಂದೆ
ಸ್ಕ್ರೂಡ್ರೈವರ್ ಹಿಡಿದಂತೆ ಚಾಕು ಹಿಡಿದು ನಿಂತ.

'ಸಣ್ಣಗೆ,' ಅಂದಳು ಕುರ್ಚಿಯಿಂದ.
'ಇನ್ನೂ ಸಣ್ಣಗೆ. ಅದೇನು ಸೌದೆಯೆ?'

ರಾತ್ರಿ ನೆನೆಹಾಕಿದ ಬಿಳಿ ಕಾಳು
ಬೆಳಗಾಗುವಷ್ಟರಲ್ಲಿ ಉಬ್ಬಿ ಮಿರುಗುತ್ತಿತ್ತು
ಪ್ಲಾಸ್ಟರಿನಾಚೆ ಇಣುಕುವ ಅವಳ ಬೆರಳುಗಳ ಹಾಗೆ.
ಅವನು ಅದನ್ನು ಹೇಳಲಿಲ್ಲ.

ಕ್ಯಾರೆಟ್, ಸೆಲರಿ, ಧಾರಾಳ ಆಲಿವ್ ಎಣ್ಣೆ.
ಕರಿಕೋಸಿನ ಎಲೆ ದಂಟಿನಿಂದ ಸೀಳುವುದು ಹೇಗೆಂದು
ತೋರಿಸಿದಳು, ಎಡಗೈಯಲ್ಲಿ, ಬರೀ ಗಾಳಿಯನ್ನು ಸೀಳಿ.
ಟೊಮೆಟೊ ಬಿದ್ದು ಚುರ್ರೆಂದದ್ದೇ
ಪಕ್ಕದ ಮನೆಯ ಬೆಕ್ಕು ಕಿಟಕಿಗೆ ಬಂತು.

ಚೀಸಿನ ಒಣಕಲು ಸಿಪ್ಪೆ,
ಕಸದ ಬುಟ್ಟಿಯ ಮೇಲೆ ಹಿಡಿದಿದ್ದ.
'ಅಯ್ಯೋ, ಅದು ಪಾತ್ರೆಗೆ!'
ಇಷ್ಟು ವರ್ಷ ತನ್ನ ಬಟ್ಟಲ ತಳದಲ್ಲಿ ಸಿಕ್ಕಿದ್ದು,
ಮಾತಾಡದೆ ಅಗಿದು ಅಗಿದು ನುಂಗಿದ್ದು
ಇದೇ ಎಂದು ಅವನಿಗೆ ಇವತ್ತು ತಿಳಿಯಿತು.
'ಯಾವಾಗಲೂ ನನಗೇ ಯಾಕೆ ಬರುತ್ತಿತ್ತು?'
ಇಸೋಲಿನಾ ಬೆಕ್ಕಿನ ಕಡೆ ನೋಡಿದಳು.

ಮೂರು ಗಂಟೆ. ಗಾಜಿನ ತುಂಬ ಹಬೆ.
ಮೊನ್ನೆಯ ಬ್ರೆಡ್ಡು ಮುರಿದು ಹಾಕಿದ ಮೇಲೆ
ಸೌಟು ನೆಟ್ಟಗೆ ನಿಂತಿತು, ಯಾರೂ ಹಿಡಿಯದೆ.
ಎಡಗೈ ಚಮಚದಲ್ಲಿ ರುಚಿ ನೋಡಿದಳು:
ಉಪ್ಪು ಒಂದು ಹೆಜ್ಜೆ ಮುಂದಿದೆ.
'ನಾಳೆ ಇನ್ನೊಂದು ಕುದಿ ಬಂದರೆ
ಸರಿಹೋಗುತ್ತೆ ಬಿಡು.'

ಅವಳು ನ್ಯಾಪ್ಕಿನ್ ಸರಿಮಾಡಿಕೊಳ್ಳುವಾಗ
ಅವನು ಪಾತ್ರೆಯ ಆಳದಲ್ಲಿ ಸಿಪ್ಪೆ ಹುಡುಕಿದ,
ಅವಳ ಬಟ್ಟಲಿಗೆ ಇಳಿಸಿ
ಮೇಲೆ ಕಾಳು ಮುಚ್ಚಿದ.