ಶಾಯಿ ಹಚ್ಚದ ಊರು

ಮರದ ಸಟ್ಟುಗ ತಗೋ, ಅಂದಿದ್ದಳು ಜನೀನ್ ಓಲ್ಡ್‌ರಾಯ್ಡ್
ಮೊದಲ ದಿನವೇ. ಕರಪತ್ರ ತಳ್ಳಲು ಬೆರಳು ಬೇಡ,
ಹ್ಯಾಲಿಫ್ಯಾಕ್ಸಿನ ಬಾಗಿಲುಗಳಿಗೆ ನಡುವಿನಲ್ಲೇ ಬಾಯಿ,
ಬಾಯೊಳಗೆ ಸ್ಪ್ರಿಂಗು, ಸ್ಪ್ರಿಂಗಿನಾಚೆ ನಾಯಿ.
ಇಪ್ಪತ್ತು ವರ್ಷ ಸೂಜಿ ಹಿಡಿದ ಕೈ ಇದು, ಅಂದು ನಕ್ಕೆ.
ಗ್ಯಾಸ್‌ವರ್ಕ್ಸ್ ಲೇನಿನ ಒಂಬತ್ತನೇ ಮನೆ
ಎಡಗೈ ತೋರುಬೆರಳನ್ನು ಕಚ್ಚಿ ಹಿಡಿಯಿತು.

ಹದಿನೈದು ವರ್ಷದ ಕೌನ್ಸಿಲರು. ಕಾರಿಲ್ಲ.
ಮೊಣಕಾಲು ಒಂದು ಅವಳದು, ಒಂದು ಆಸ್ಪತ್ರೆಯದು;
ಆ ಎರಡನೆಯದಕ್ಕೆ ಪಟ್ಟಿ ಕಟ್ಟುವಾಗಲೇ ನಮ್ಮ ಪರಿಚಯ.
ಕೆಂಪು ರಟ್ಟಿನ ನೋಟ್‌ಬುಕ್ಕಿನಲ್ಲಿ ಇಡೀ ವಾರ್ಡು:
ಮಿಸೆಸ್ ಫೆದರ್, ದೀಪದ ಕಂಬ ಹದಿನಾಲ್ಕು, ಮತ್ತೆ ಕೆಟ್ಟಿದೆ.
ಇಮ್ತಿಯಾಜ್, ಮಗುವಿನ ಕೋಣೆ, ಗೋಡೆ ತುಂಬ ಬೂಷ್ಟು.
ಕಸದ ಗಾಡಿ ಹತ್ತಲೊಲ್ಲದ ಏರು.
ಒಂದು ಪುಟದಲ್ಲಿ ಬರೀ ‘ಬಾತುಕೋಳಿ??’ ಅಂತಿತ್ತು;
ಕೇಳಿದರೆ ಅವಳಿಗೂ ನೆನಪಿಲ್ಲ.

ಬಾಗಿಲು ತೆರೆದವರು ಪಕ್ಷ ಕೇಳುತ್ತಿರಲಿಲ್ಲ,
ರಸ್ತೆಯ ಗುಂಡಿ ತೋರಿಸುತ್ತಿದ್ದರು. ಅವಳು
ಗುಂಡಿಯೊಳಗೆ ಬೂಟು ಇಳಿಸಿ ಆಳ ನೋಡುತ್ತಿದ್ದಳು,
ಬಾವಿ ತೋಡುವವರು ನೋಡುವ ಹಾಗೆ.
ಒಬ್ಬ ಮುಖದ ಮೇಲೇ ಬಾಗಿಲು ಹಾಕಿದ.
‘ಅನುಮಾನ’ ಅಂತ ಬರೆದುಕೊಂಡಳು, ‘ವಿರೋಧ’ ಅಂತಲ್ಲ.
“ಒಳಗೆ ಈರುಳ್ಳಿ ಹುರೀತಿದ್ದ, ರಟ್ನಾ. ಸೀದುಹೋಗುತ್ತೆ, ಪಾಪ.”

ನಾನೂ ಹೇಳುತ್ತ ಹೋದೆ ಬಾಗಿಲು ಬಾಗಿಲಿಗೆ:
ಗುರುವಾರ, ಬೆಳಗ್ಗೆ ಏಳರಿಂದ ರಾತ್ರಿ ಹತ್ತು,
ಫೋಟೋ ಇರುವ ಗುರುತು ಮರೆಯಬೇಡಿ,
ಒಂದು ಮತ ಅಂದರೆ ಸುಮ್ಮನೆ ಅಲ್ಲ.
ಭಾರತದ ಪಾಸ್‌ಪೋರ್ಟಿನವಳು, ಆದರೂ ಇಲ್ಲಿ ನನಗೂ ಇತ್ತು ಒಂದು.
ಕೈಚೀಲದಲ್ಲಿ ಆ ಪಾಸ್‌ಪೋರ್ಟು ಇಟ್ಟುಕೊಂಡೇ
ಅವತ್ತು ಡ್ಯೂಟಿಗೆ ಹೋಗಿದ್ದೆ.

ಆರನೇ ಹಾಸಿಗೆಯ ಮುದುಕ ಒಂಬತ್ತಕ್ಕೆ ಬಿದ್ದ.
ಅವನನ್ನೆತ್ತಿ, ಬರೆದಿಟ್ಟು, ಮಗಳಿಗೆ ಫೋನು ಮಾಡಿ,
ಇಳಿಜಾರು ಓಡಿ ಶಾಲೆಯ ಗೇಟು ಮುಟ್ಟಿದಾಗ
ಹತ್ತು ಗಂಟೆ ನಾಲ್ಕು ನಿಮಿಷ.
ಒಬ್ಬಾಕೆ ಮತಗಟ್ಟೆಯ ಫಲಕ ಬಿಚ್ಚಿ ಸುತ್ತುತ್ತಿದ್ದಳು.
“ಸಾರಿ, ಲವ್,” ಅಂದಳು, ನಿಜವಾಗಿ ಬೇಸರಪಟ್ಟು.

ಊರಿಗೆಲ್ಲ ಶಕುನ ಹೇಳುವ ಹಲ್ಲಿ
ಬಚ್ಚಲಿಗೆ ಬಿದ್ದಿತ್ತು.

ಎಂಟುನೂರ ನಲವತ್ತೇಳು ಅವಳಿಗೆ.
ಎಂಟುನೂರ ನಲವತ್ತೇಳು ಗ್ರೆಗರ್ ಥ್ವೇಟಿಗೆ.
ಮೂರು ಸಲ ಎಣಿಸಿದರು. ನಸುಕಿನ ಮೂರು ಗಂಟೆಗೆ
ಅಧಿಕಾರಿ ಎರಡು ಚೀಟಿ ಮಡಿಸಿ
ಖಾಲಿ ಬಿಸ್ಕತ್ತಿನ ಡಬ್ಬಿಗೆ ಹಾಕಿ, ಮುಖ ಆಚೆ ತಿರುಗಿಸಿ,
ಕೈ ಇಳಿಸಿದ. ಕಾನೂನೇ ಹಾಗಂತೆ.
ಡಬ್ಬಿಯ ತಳದ ಪುಡಿ ಚೀಟಿಗೆ ಅಂಟಿತ್ತು.
ಥ್ವೇಟ್.

ಜನೀನ್ ಅವನ ಕೈ ಕುಲುಕಿ,
ಕೆಂಪು ನೋಟ್‌ಬುಕ್ಕು ಎದೆಗೊತ್ತಿ,
“ಫೆದರಮ್ಮನ ದೀಪ ಮೊದಲು” ಅಂದಳು.
ಹೊರಗೆ ಕಾರ್ ಪಾರ್ಕಿನಲ್ಲಿ ನಮ್ಮವರೇ ಯಾರೋ:
“ಒಬ್ಬ! ಯಾವನೋ ಒಬ್ಬ ಸೋಫಾ ಬಿಟ್ಟು ಎದ್ದಿದ್ದರೆ!”
ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಲೇ ಇದ್ದೆ,
ಅದು ಎಂದೋ ಬಿಗಿಯಾಗಿತ್ತು.

ನನ್ನೂರಾಗಿದ್ದರೆ ಬೆರಳೇ ಸಾಕ್ಷಿ ಹೇಳುತ್ತಿತ್ತು,
ಹೂ ಮಾರುವವಳೂ ಉಗುರು ನೋಡಿಯೇ ಮಾತಿಗಿಳಿಯುತ್ತಿದ್ದಳು.
ಇಲ್ಲಿ ಶಾಯಿ ಹಚ್ಚುವುದಿಲ್ಲ.
ನಂಬುತ್ತಾರೆ, ಇಲ್ಲವೇ ನೋಡುವುದಿಲ್ಲ.
ಜನೀನ್ ನನ್ನ ಎಡಗೈ ಹಿಡಿದು ಬೆಳಕಿಗೆ ತಿರುಗಿಸಿದಳು:
ಬಾಗಿಲು ಕಚ್ಚಿದ ಉಗುರಿನಡಿ ರಕ್ತ ಹೆಪ್ಪುಗಟ್ಟಿ
ನೇರಳೆ. ಸರಿಯಾಗಿ ಅಲ್ಲೇ. ಅದೇ ಬೆರಳು.
“ಸಟ್ಟುಗ ತಗೋ ಅಂದಿದ್ದೆ ತಾನೇ.”

ಈಗ ಅಕ್ಟೋಬರ್. ಕಂಬ ಹದಿನಾಲ್ಕು ಉರಿಯುತ್ತಿದೆ.
ಅದರಡಿ ಹೆಬ್ಬೆರಳೆತ್ತಿ ನಿಂತ ಥ್ವೇಟನ ಫೋಟೋ
ನನ್ನ ಬಾಗಿಲ ಬಾಯಿಂದಲೇ ಒಳಗೆ ಬಿತ್ತು;
ತಂದುಹಾಕಿದ ಹುಡುಗ ಬೆರಳು ಚೀಪುತ್ತ ಗೇಟು ದಾಟಿದ.
ನನ್ನ ಉಗುರು ಬೆಳೆದು ಕಲೆ ತುದಿಗೆ ಬಂದಿದೆ.
ಭಾನುವಾರ ಜನೀನಳ ಮನೆಗೆ ಹೋಗಬೇಕು,
ಮಂಡಿಯ ವ್ಯಾಯಾಮ ಮಾಡಿಸಬೇಕು.
ಉಗುರು ಕತ್ತರಿಸುವ ಮೊದಲು ಹೇಳಬೇಕು.